ಮೂಲ ಊರು: ಬೊರಿವಲಿ ಪೂರ್ವ

ಎದುರುಮನೆಯ ಕಾಕಾರ ಕಿವಿಗಳಲ್ಲಿ ಜೋಳದ ಕಾಳು ತೂರುವಷ್ಟು ದೊಡ್ಡ ತೂತುಗಳಿದ್ದವು. ಹಾಲೆಯಲ್ಲಿ ಒಂದೊಂದು, ಮೇಲಂಚಿನಲ್ಲಿ ಒಂದೊಂದು. ತೂತುಗಳಲ್ಲಿ ಏನೂ ಇರಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಅಲ್ಲಿ ಹಿತ್ತಾಳೆಯದೋ ಬಂಗಾರದ್ದೋ ಮುರುವು ಹಾಕಿ, ಇನ್ಯಾವುದೋ ಕಾಲದಲ್ಲಿ ಅವರೇ ಅದನ್ನು ಕಿತ್ತು ತೆಗೆದಿರಬೇಕು. ಸಂಜೆ ಹೊತ್ತು ಪ್ಯಾಸೇಜಿನ ಕಿಟಕಿಗೆ ಬೆನ್ನುಕೊಟ್ಟು ನಿಂತರೆ ಬಿಸಿಲು ಹಾಲೆಯೊಳಗಿನಿಂದ ತೂರಿ, ಎರಡೂ ಕಡೆ ಒಂದೊಂದು ಕೆಂಪು ದೀಪ ಹೊತ್ತಿಸಿದಂತೆ ಕಾಣುತ್ತಿತ್ತು. ಕಿವಿಯ ಮೇಲೆ ಕೂದಲು ಇಳಿಬಿಡಬೇಕೆಂದು ಕ್ಷೌರದವನಿಗೆ ಅವರ ಕಟ್ಟಪ್ಪಣೆಯಿತ್ತು. ವಯಸ್ಸಾಗುತ್ತ ಬಂದಂತೆ ಕೂದಲು ಸಹಕರಿಸಲಿಲ್ಲ. ತಮ್ಮ ಹಿಂದಿನ ಜನ್ಮದ ಸಾಕ್ಷ್ಯಗಳನ್ನೆಲ್ಲ ಅವರು ಒಂದೂ ಬಿಡದೆ ನಾಶಪಡಿಸಿದ್ದರು. ಕಿವಿಗಳನ್ನು ಮಾತ್ರ ಏನೂ ಮಾಡಲಾಗಿರಲಿಲ್ಲ.

ನಾನು ಬೊರಿವಲಿ ಪೂರ್ವದ ಈ ಬಿಲ್ಡಿಂಗಿಗೆ ಬಂದಾಗ ಅವರು ಆಗಲೇ ಇಲ್ಲಿ ಹಳಬರು. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷಿನಿನ ಮೇಲೆ ದುಡಿದು ಫೋರ್‌ಮನ್ ಆದವರು. ಬಾಗಿಲ ಮೇಲಿನ ಹೆಸರಿನ ಫಲಕದಲ್ಲಿ ಒಂದು ಊರಿನ ಹೆಸರು, ಅದರ ಬಾಲಕ್ಕೊಂದು ‘ಕರ್’. ಮುಂಬಯಿಯಲ್ಲಿ ಇಂಥ ‘ಕರ್’ ಇದ್ದವನು ಅಪ್ಪಟ ಮರಾಠಿಯವನು ಎಂಬುದು ಲೋಕಮಾನ್ಯ. ತೊಂದರೆಯೆಂದರೆ ಆ ಹೆಸರಿನ ಊರು ರತ್ನಾಗಿರಿಯಲ್ಲಾಗಲಿ, ಸಾತಾರದಲ್ಲಾಗಲಿ ಯಾರಿಗೂ ಸಿಕ್ಕಿರಲಿಲ್ಲ. ಎರಡನೆಯ ಮಾಳಿಗೆಯಲ್ಲಿರುವ ನಮ್ಮ ಸೊಸೈಟಿಯ ಸೆಕ್ರೆಟರಿ ಮಹಾಶಯರು ಇದನ್ನು ಬಹಳ ಹಿಂದೆಯೇ ಪತ್ತೆಹಚ್ಚಿ, ಮನಸ್ಸಿನಲ್ಲಿಟ್ಟುಕೊಂಡು, ವರ್ಷಕ್ಕೊಮ್ಮೆ ಮಹಾಸಭೆಯ ಚಹಾದ ಹೊತ್ತಿನಲ್ಲಿ ಹೊರತೆಗೆಯುತ್ತಿದ್ದರು.

“ಕಾಕಾ, ತುಮ್ಚಂ ಮೂಳ ಗಾಂವ್ ಕುಠಲಂ?” ನಿಮ್ಮ ಮೂಲ ಊರು ಯಾವುದು ಎಂದು.

“ಬೊರಿವಲಿ.”

“ಅದು ಈಗ. ಮೂಲ?”

“ಬೊರಿವಲಿ ಪೂರ್ವ.”

“ಅದಕ್ಕೂ ಮೊದಲು?”

“ಜೋಗೇಶ್ವರಿ,” ಎಂದು ಹೇಳಿ ಕಾಕಾ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಿದ್ದರು. “ಪನ್ನಾಸ್ ವರ್ಷಂ ಇಥಲಂಚ್ ಪಾಣೀ ಪಿತೋಯ್ ಮೀ.” ಐವತ್ತು ವರ್ಷದಿಂದ ಇಲ್ಲಿನದೇ ನೀರು ಕುಡಿಯುತ್ತಿದ್ದೇನೆ. ಇದು ಅವರ ಅಂತಿಮ ವಾದ. ಇದರ ಮೇಲೆ ಅಪೀಲು ಇರಲಿಲ್ಲ. ಸೆಕ್ರೆಟರಿ ನಗುತ್ತಿದ್ದರು, ಆ ನಗೆಯಲ್ಲಿ ಪ್ರಕರಣವನ್ನು ಮುಂದಿನ ವರ್ಷಕ್ಕೆ ಮುಂದೂಡಿದ ಭಾವವಿತ್ತು.

(ಮರಾಠಿಯಲ್ಲಿ ನಡೆದ ಮಾತುಗಳನ್ನು ಇನ್ನು ಮುಂದೆ ಆದಷ್ಟು ಕನ್ನಡದಲ್ಲೇ ಕೊಡುತ್ತೇನೆ. ಕಾಕಾ ಇದ್ದಿದ್ದರೆ ಇದಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸುತ್ತಿದ್ದರು.)

ಅವರು ನಮ್ಮವರೆಂದು ನನಗೆ ತಿಳಿದದ್ದು ಲಿಫ್ಟಿನ ಕೃಪೆಯಿಂದ. ಆಗ ನಮ್ಮ ಲಿಫ್ಟಿಗೆ ಎಳೆಯುವ ಕಬ್ಬಿಣದ ಜಾಲರಿ ಬಾಗಿಲಿತ್ತು. ಒಂದು ಬೆಳಿಗ್ಗೆ ಅದು ಕಾಕಾರ ಬೆರಳನ್ನು ಹಿಡಿದುಕೊಂಡಿತು. “ಯವ್ವಾ, ಸತ್ನೆಪೋ!” ಎಂದು ಅವರು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿ, ಬೆರಳಿನ್ನೂ ಜಾಲರಿಯಲ್ಲಿರುವಾಗಲೇ, “ಆಈ ಗಂ!” ಎಂದು ತಿದ್ದುಪಡಿ ತಂದರು. ಸಾಯುವ ನೋವಿನಲ್ಲೂ ಭಾಷೆ ಬದಲಿಸಿದ ಆ ಕರ್ತವ್ಯನಿಷ್ಠೆಗೆ ನಾನು ಬೆರಗಾದೆ.

“ಜೋರು ಪೆಟ್ಟಾಯ್ತಾ ಮಾರಾಯ್ರೆ?” ಎಂದೆ. ನಾನು ಉಡುಪಿ ಕಡೆಯವನು. ಗಾಬರಿಯಾದಾಗ ನನಗೆ ತಿದ್ದುಪಡಿ ಹೊಳೆಯುವುದಿಲ್ಲ.

ಕಾಕಾ ನನ್ನನ್ನು ದಿಟ್ಟಿಸಿ, ನಿಧಾನವಾಗಿ, ಮರಾಠಿಯಲ್ಲಿ, “ನೀವು ಏನೆಂದಿರೋ ನನಗೆ ತಿಳಿಯಲಿಲ್ಲ,” ಎಂದರು. ತಿಳಿಯಿತೆಂಬುದು ಕಣ್ಣಿನಲ್ಲಿತ್ತು. ನಾನು ಮುಂದೆ ಕೇಳಲಿಲ್ಲ. ಅಂದಿನಿಂದ ನಮ್ಮ ಸ್ನೇಹ ಶುರುವಾಯಿತು. ಕಳ್ಳನಿಗೂ ಕಂಡು ಸುಮ್ಮನಿದ್ದವನಿಗೂ ಇರುವಂಥ ಗಟ್ಟಿಯಾದ ಸ್ನೇಹ ಅದು.

ನಾವು ಕರಾವಳಿಯವರು ಮುಂಬಯಿಗೆ ಬಂದ ರೀತಿಯೇ ಬೇರೆ. ಊರನ್ನು ಬಿಟ್ಟು ಬಂದವರಲ್ಲ ನಾವು, ಕಟ್ಟಿಕೊಂಡು ಬಂದವರು. ಜಾತಿಗೊಂದು ಸಂಘ, ಸಂಘಕ್ಕೊಂದು ಭವನ, ಭವನದಲ್ಲೊಂದು ಶನಿಪೂಜೆ, ಪೂಜೆಯ ಮೇಲೆ ಊಟ, ಊಟದ ಮೇಲೆ ಯಕ್ಷಗಾನದ ಆಟ. ಐವತ್ತು ವರ್ಷ ಇಲ್ಲಿದ್ದೂ ಇಲ್ಲಿಯವರಾಗದೆ ಇರುವ ಕಲೆಯನ್ನು ನಮ್ಮಷ್ಟು ಕರಗತ ಮಾಡಿಕೊಂಡವರಿಲ್ಲ. ಇಡೀ ನಗರ ನಮ್ಮೆಲ್ಲರನ್ನೂ ಒಂದೇ ಮಾತಿನಲ್ಲಿ ‘ಅಣ್ಣಾ’ ಎಂದು ಕರೆದು ದೋಸೆ ತರಿಸಿಕೊಳ್ಳುತ್ತದೆ. ನಾನು ಫೋರ್ಟಿನ ಬ್ಯಾಂಕಿನಲ್ಲಿ ಕೋಟು ಹಾಕಿ ಕೂತಾಗಲೂ ಗಿರಾಕಿಗಳು “ಅಣ್ಣಾ, ಪಾಸ್‌ಬುಕ್” ಎನ್ನುತ್ತಿದ್ದರು. ಸಾಂಬಾರು ಕೇಳಲಿಲ್ಲ ಎಂಬುದಷ್ಟೇ ಸಮಾಧಾನ. ಕಾಕಾ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ: ಸಂಪೂರ್ಣ ವಿಲೀನ. ಎರಡು ದಾರಿಗಳೂ ಎಲ್ಲಿಗೆ ಹೋಗಿ ತಲುಪುತ್ತವೆ ಎಂಬುದನ್ನು ಆಗ ನಮ್ಮಿಬ್ಬರಲ್ಲಿ ಯಾರೂ ಯೋಚಿಸಿರಲಿಲ್ಲ.

ನನಗೆ ಮರಾಠಿ ಕಲಿಸಿದವರು ಅವರೇ. ಅದಕ್ಕೂ ಮೊದಲು ನನ್ನ ಪರಿಸ್ಥಿತಿ ಶೋಚನೀಯವಾಗಿತ್ತು. ಮರಾಠಿಯಲ್ಲಿ ‘ಹೋ’ ಎಂದರೆ ಹೌದು. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಮ್ಮ ಸಾಹೇಬರ ಮುಂದೆ ನಿಂತು ರಜೆ ಕೇಳಿದೆ. ಅವರು “ಹೋ, ಹೋ” ಎಂದರು. ನಾನು ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋದೆ. ಸಿಕ್ಕಿದ ರಜೆಯನ್ನು ಪಡೆಯದೆ ಇಡೀ ದಿನ ದುಡಿದೆ. ಈ ಕಥೆಯನ್ನು ಕೇಳಿ ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕನ್ನಡ ಬಾರದವನು ಇದಕ್ಕೆ ಹಾಗೆ ನಗಲಾರ ಎಂಬುದು ನಕ್ಕು ಮುಗಿದ ಮೇಲೆ ಅವರಿಗೆ ಹೊಳೆಯಿತು. ಕೂಡಲೇ ಗಂಭೀರರಾಗಿ, ಕುರ್ಚಿ ಸ್ತ್ರೀಲಿಂಗ, ಟೇಬಲ್ಲು ನಪುಂಸಕ ಎಂದು ಪಾಠ ಮುಂದುವರಿಸಿದರು.

ಕಾರಣವನ್ನು ಅವರು ಹೇಳಿದ್ದು ಒಮ್ಮೆ ಮಾತ್ರ, ಲೋಕಲಿನಲ್ಲಿ. ನಾನು ಚರ್ಚ್‌ಗೇಟಿನಿಂದ ಬರುತ್ತಿದ್ದೆ, ಅವರು ಜೋಗೇಶ್ವರಿಯಲ್ಲಿ ಹತ್ತಿ ನನ್ನ ಹೆಗಲಿಗೆ ಒತ್ತಿಕೊಂಡು ನಿಂತರು. ಗಾಡಿ ಹೊರಡುವಾಗ ಹಳಿಯ ಪಕ್ಕದ ಒಂದು ಜಾಗವನ್ನು ಗಲ್ಲದಿಂದ ತೋರಿಸಿದರು. ಕೈ ಎತ್ತಲು ಆಸ್ಪದವಿರಲಿಲ್ಲ. “ಅಲ್ಲಿ ಜೋಪಡಿ ಇತ್ತು. ನನ್ನ ತಾಯಿ ರಸ್ತೆಗೆ ಖಡಿಕಲ್ಲು ಒಡೆಯುತ್ತಿದ್ದಳು. ನಾನು ಹತ್ತರ ಹುಡುಗ. ನಾವು ಬಾಯಿ ತೆಗೆದರೆ ಸಾಕು, ಹುಡುಗರು ಹಿಂದಿನಿಂದ ‘ಯಂಡುಗುಂಡು, ಯಂಡುಗುಂಡು’ ಅಂತ ಬರ್ತಿದ್ದರು. ಕಲ್ಲು ಬೇರೆ. ಒಂದು ದಿನ ಅವಳ ತಲೆಗೆ ಬಿತ್ತು. ಖಡಿ ಒಡೆಯುವವಳಿಗೆ ಖಡಿಯಿಂದಲೇ ಪೆಟ್ಟು.” ಆ ಜಾಗ ಹಿಂದೆ ಸರಿದ ಮೇಲೆ, “ಅಂದೇ ನಾನು ಬಾಯಿ ಮುಚ್ಚಿದೆ. ಮತ್ತೆ ತೆಗೆದಾಗ ಮರಾಠಿ ಬಂತು,” ಎಂದರು. ತಾಯಿ ಆಮೇಲೆ ಏನಾದಳೆಂದು ನಾನು ಕೇಳುವಷ್ಟರಲ್ಲಿ ಗೋರೆಗಾಂವ್ ಬಂದು, ಇಳಿಯುವವರ ನೂಕಿಗೆ ನಾವಿಬ್ಬರೂ ಬೇರೆ ಬೇರೆ ಮೂಲೆಗಳಿಗೆ ಬಿದ್ದೆವು.

ಬಂದ ಮರಾಠಿಯಾದರೂ ಎಂಥದು! ಗಣಪತಿಯ ದಿನಗಳಲ್ಲಿ ಬಿಲ್ಡಿಂಗಿನ ಕೆಳಗೆ ಆರತಿಯಾಗುವಾಗ ಉಳಿದವರು ಎರಡನೆಯ ನುಡಿಯಿಂದ ಬಾಯಿ ಆಡಿಸುತ್ತ ಚಪ್ಪಾಳೆಯ ಆಶ್ರಯ ಪಡೆಯುತ್ತಿದ್ದರು. ಕಾಕಾ ಒಬ್ಬರೇ ಕಣ್ಣು ಮುಚ್ಚಿ, ಒಂದು ಅಕ್ಷರವೂ ಜಾರದಂತೆ, ಕೊನೆಯ ನುಡಿಯವರೆಗೆ ಒಯ್ದು ಮುಟ್ಟಿಸುತ್ತಿದ್ದರು. ಒಮ್ಮೆ ಹೀಗೆ ಆರತಿ ಮುಗಿದಾಗ ಸೆಕ್ರೆಟರಿ ನನ್ನ ಪಕ್ಕದಲ್ಲಿ ಪ್ರಸಾದದ ಮೋದಕವನ್ನು ಮುರಿಯುತ್ತ, “ಉಚ್ಚಾರ ನೋಡಿ, ಎಷ್ಟು ಶುದ್ಧ,” ಎಂದರು. ನಾನು ಹೌದೆಂದೆ. “ನಮ್ಮವರದು ಇಷ್ಟು ಶುದ್ಧ ಇರುವುದಿಲ್ಲ,” ಎಂದು ಅವರು ಮೋದಕವನ್ನು ಬಾಯಿಗೆ ಹಾಕಿಕೊಂಡರು. ತಪ್ಪಿಲ್ಲದಿರುವುದೇ ಕಾಕಾರ ತಪ್ಪೆಂದು ಅಂದು ತೀರ್ಮಾನವಾಯಿತು. ಅದೇ ವರ್ಷ ಅವರು ಸೊಸೈಟಿಯ ಸೆಕ್ರೆಟರಿ ಸ್ಥಾನಕ್ಕೆ ನಿಂತು, ತಮ್ಮದೂ ನನ್ನದೂ ಎರಡು ಕೈಗಳ ಬೆಂಬಲ ಪಡೆದು, ಸೋತರು.

ಮನೆಯೊಳಗೂ ಅವರು ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಹೆಂಡತಿ ಮರಾಠಿಯವರು, ಲಾಲ್‌ಬಾಗಿನ ಚಾಳಿನಲ್ಲಿ ಹುಟ್ಟಿದವರು. ಒಬ್ಬನೇ ಮಗ. ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ಸದಾ “ಬಾಳ”. ಮರಾಠಿಯಲ್ಲಿ ಮಗುವೇ, ಕಂದ ಎಂದಂತೆ. ಹುಡುಗ ಬೆಳೆದು ಮೀಸೆ ಬಂದು, ಮೀಸೆ ತೆಗೆದು, ಅಂಧೇರಿಯ ಆಫೀಸಿಗೆ ಹೋಗುವಾಗಲೂ ಬೆಳಿಗ್ಗೆ ಎದುರುಬಾಗಿಲಿನಿಂದ “ಬಾಳ, ಡಬಾ ಘೇತ್ಲಾಸ್ ಕಾ?” ಎಂದು ಬುತ್ತಿಯ ವಿಚಾರಣೆ ಕೇಳಿಬರುತ್ತಿತ್ತು. ಆ ಮಗನಿಗೆ ಅಪ್ಪನ ಹಿಂದಿನ ಭಾಷೆಯ ಒಂದು ಪದವೂ ಗೊತ್ತಿರಲಿಲ್ಲ. ಹಿಂದಿನ ಭಾಷೆ ಎಂಬುದೊಂದು ಇತ್ತೆಂಬುದೇ ಗೊತ್ತಿರಲಿಲ್ಲ. ಹೆಂಡತಿಗೆ ಮಾತ್ರ ಗುಮಾನಿ ಇತ್ತು. ಒಮ್ಮೆ ಹಾಲಿನವನಿಗೆ ಕಾಯುತ್ತ ನಿಂತಾಗ ಆಕೆ ನನ್ನ ಹೆಂಡತಿಯ ಹತ್ತಿರ, “ಇವರು ನಿದ್ದೆಯಲ್ಲಿ ಯಾರ ಜೊತೆಗೋ ಜಗಳ ಆಡ್ತಾರೆ. ಏನು ಮಾತು ಅಂತ ಒಂದೂ ತಿಳಿಯೋದಿಲ್ಲ,” ಎಂದಿದ್ದರಂತೆ. ಆಕೆ ಹೋಗಿ ಈಗ ಕೆಲವು ವರ್ಷಗಳಾದವು. ಇದ್ದಿದ್ದರೆ ಆ ಮಾತು ಯಾವುದೆಂದು ತಿಳಿಯುತ್ತಿತ್ತು.

ಕಾಕಾ ಬಚ್ಚಲಿನಲ್ಲಿ ಬಿದ್ದದ್ದು ಕಳೆದ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು. ಮಾತೂ ಹೋಗಿ, ಕೆಲವು ದಿನಗಳ ಮೇಲೆ ಮರಳಿ ಬಂತು. ಆದರೆ ಬಂದದ್ದು ಹೋದ ಮಾತಲ್ಲ. ನಾನು ಆಗ ಪುಣೆಯಲ್ಲಿ ಮಗಳ ಮನೆಯಲ್ಲಿದ್ದೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ಮಗ ಆಮೇಲೆ ಹೇಳಿದ. ಅಪ್ಪ ಏನೋ ಬಡಬಡಿಸುತ್ತಿದ್ದಾರೆಂದು ಡಾಕ್ಟರರಿಗೆ ತೋರಿಸಿದರೆ ಅವರು, “ಇದು ಬಡಬಡಿಕೆ ಅಲ್ಲ, ಯಾವುದೋ ಭಾಷೆ. ಯಾವುದು?” ಎಂದು ಕೇಳಿದರಂತೆ. ಗೊತ್ತಿಲ್ಲ ಎಂದ. “ನಿಮ್ಮ ತಂದೆ ಅಲ್ವಾ?” ಎಂದರಂತೆ. ಕೇರಳದ ನರ್ಸಮ್ಮ ಬಂದು ಕೇಳಿ ಮಲೆಯಾಳವಲ್ಲ ಎಂದು ಷರಾ ಬರೆದರು. ವಾರ್ಡ್‌ಬಾಯ್ ತೆಲುಗು ಎಂದ. ಆಚೆ ಹಾಸಿಗೆಯ ತೆಲುಗಿನವರು ಆ ಆರೋಪವನ್ನು ನಿರಾಕರಿಸಿದರು. ಒಂದು ದೇಶದ ಭಾಷಾ ಸಮಸ್ಯೆಯೆಲ್ಲ ಒಂದು ಮಂಚದ ಸುತ್ತ ನೆರೆದು, ಯಾವ ನಿರ್ಣಯವೂ ಆಗದೆ, ರೋಗಿಯನ್ನು ಮನೆಗೆ ಕಳಿಸಲಾಯಿತು. ಕೊನೆಗೆ ಕಲಿತದ್ದು ಮೊದಲು ಹೋಗುವುದುಂಟು, ಮೊದಲು ಕಲಿತದ್ದು ಉಳಿಯುವುದುಂಟು ಎಂದು ಡಾಕ್ಟರರು ಹೇಳಿದರಂತೆ.

ನಾನು ಪುಣೆಯಿಂದ ಬಂದ ಬೆಳಿಗ್ಗೆ ಲಿಫ್ಟಿನಲ್ಲಿ ಮಗ ಸಿಕ್ಕಿದ. ಕೈಯಲ್ಲಿ ನೀರಾದ ಬಾಟಲಿ. ಸ್ಟೇಷನ್ನಿನ ಸ್ಟಾಲಿನಲ್ಲಿ ಮಾರುತ್ತಾರಲ್ಲ, ಬೆಳಗಿನ ಹೊತ್ತು ಸಿಗುವ ಸಿಹಿಯಾದ ತಾಳೆಯ ರಸ, ಅದು.

“ಬಾಬಾಗೆ, ಅಂಕಲ್. ಮೂರು ದಿನದಿಂದ ಒಂದೇ ಹಟ, ನೀರಾ, ನೀರಾ ಅಂತ. ಶುಗರ್ ಇದೆ, ಕೊಡಬೇಡಿ ಅಂತ ಡಾಕ್ಟರ್. ಆದರೂ ಪಾಪ ಅಂತ ನಿನ್ನೆ ಎರಡು ಚಮಚ ಕೊಟ್ಟೆವು. ಉಗುಳಿಬಿಟ್ಟರು. ಅತ್ತರು. ಹುಳಿ ಬಂದಿತ್ತೋ ಏನೋ. ಇವತ್ತು ಸ್ಟಾಲ್ ತೆಗೆಯೋ ಮೊದಲೇ ಹೋಗಿ ನಿಂತಿದ್ದೆ. ಫ್ರೆಶ್ ಇದೆ.”

ಕಾಕಾ ಜೀವಮಾನದಲ್ಲಿ ನೀರಾ ಕುಡಿದವರಲ್ಲ. ನನಗೇನೋ ಹೊಳೆದಂತಾಗಿ, ಚೀಲವನ್ನು ಬಾಗಿಲಲ್ಲೇ ಬಿಟ್ಟು ಅವನ ಹಿಂದೆ ಒಳಗೆ ಹೋದೆ. ಕಾಕಾ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದರು. ಕೂದಲು ಬೋಳಿಸಿದ್ದರಿಂದ ಕಿವಿಗಳು ಬಯಲಿಗೆ ಬಿದ್ದಿದ್ದವು. ಒಣಗಿದ ತುಟಿ ಒಂದು ಕಡೆಗೆ ಎಳೆದಿತ್ತು. “ನೀರ,” ಎಂದರು. “ನೀರ ಕೊಡ್ರಿ.”

ವಿಜಾಪುರದ ಆಚೆಯ ಹಳ್ಳಿಗಳಲ್ಲಿ ನೀರಿಗೆ ಹಾಗೆಯೇ ಹೇಳುವುದು.

“ನೀರು,” ಎಂದೆ ನಾನು. ಆಮೇಲೆ ಮರಾಠಿಯಲ್ಲಿ, “ಪಾಣೀ ಕೇಳ್ತಿದ್ದಾರೆ,” ಎಂದೆ.

ಸೊಸೆ ಅಡಿಗೆಮನೆಯ ಬಾಗಿಲಲ್ಲೇ ನಿಂತಳು. “ಫಕ್ತ್ ಪಾಣೀ?” ಬರಿಯ ನೀರೇ ಎಂದು ಕೇಳಿ, ನೆಲದ ಮೇಲೆ ಕೂತುಬಿಟ್ಟಳು. ಸ್ಟೀಲಿನ ತಂಬಿಗೆ ಮಂಚದ ಬಲಗಡೆಯೇ ಇತ್ತು, ಹೋದದ್ದೂ ಬಲಗೈಯೇ. ಮನೆಯವರು ನೀರು ಕೊಡದೆ ಇರಲಿಲ್ಲ. ಗುಳಿಗೆಯ ಜೊತೆ ಕೊಡುತ್ತಿದ್ದರು, ಊಟದ ಜೊತೆ ಕೊಡುತ್ತಿದ್ದರು. ಕೇಳಿದಾಗ ಮಾತ್ರ ಕೊಟ್ಟಿರಲಿಲ್ಲ. ಐವತ್ತು ವರ್ಷ ಇಲ್ಲಿಯ ನೀರು ಕುಡಿದ ವಾದ ಹೂಡುತ್ತಿದ್ದ ಮನುಷ್ಯ ತಂಬಿಗೆಯನ್ನು ಕಚ್ಚಿ ಹಿಡಿದು ಕುಡಿದರು. ಮಗ ನೀರಾದ ಬಾಟಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

ಹೀಗೆ ನಾನು ಆ ಮನೆಯ ಅಧಿಕೃತ ದುಭಾಷಿಯಾಗಿ ನೇಮಕಗೊಂಡೆ. ನನ್ನ ಅರ್ಹತೆ ಅಷ್ಟಕ್ಕಷ್ಟೇ ಎಂಬುದು ಬೇಗ ಬಯಲಾಯಿತು. “ನಿಮಗೆ ಎಂತದಾದ್ರೂ ಬೇಕುಂಟಾ?” ಎಂದು ನಾನು ಕೇಳಿದರೆ ಕಾಕಾ ಹುಬ್ಬು ಗಂಟಿಕ್ಕಿ, “ಏನ್ರಿ ಇದು, ಪುಸ್ತಕದಾಗಿಂದ ಓದಿ ಹೇಳಾಕತ್ತೀರೇನು?” ಎನ್ನುತ್ತಿದ್ದರು. ಅವರ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ. ಅದರ ಮೇಲೆ ಎಳೆದ ನಾಲಿಗೆ. ಒತ್ತಿ ಹೇಳಬೇಕಾದ ಅಕ್ಷರಗಳೆಲ್ಲ ಸಡಿಲಾಗಿ ‘ಖಡಿ’ ಎಂಬುದು ‘ಕಡಿ’ಯಾಗಿತ್ತು. ಮಹಾಪ್ರಾಣ ಹೋಗಿ ಅಲ್ಪಪ್ರಾಣ ಮಾತ್ರ ಉಳಿದ ಸ್ಥಿತಿ, ವ್ಯಾಕರಣದಲ್ಲಿ ಮಾತ್ರವಲ್ಲ.

ನಾನಿಲ್ಲದ ಹೊತ್ತಿನಲ್ಲಿ ಅನಾಹುತಗಳು ಮುಂದುವರಿದವು. ಸೊಸೆ ಒಂದು ದಿನ ಉಪ್ಪಿಟ್ಟು ಮಾಡಿ ತಿನ್ನಿಸಿದಳು. ಕಾಕಾ ಎರಡು ತುತ್ತು ತಿಂದು ಮುಖ ಅರಳಿಸಿ “ಚಲೋ,” ಎಂದರು. ಮೂರನೆಯ ತುತ್ತಿಗೆ ಮತ್ತೆ “ಚಲೋ, ಚಲೋ,” ಎಂದರು. ಅವರ ಕಡೆ ಚಲೋ ಎಂದರೆ ಚೆನ್ನಾಗಿದೆ ಎಂದರ್ಥ. ಮುಂಬಯಿಯಲ್ಲಿ ಹೊರಡೋಣ ಎಂದು. ಮಾವನವರಿಗೆ ಹೊರಗೆ ಹೋಗುವ ಆಸೆಯಾಗಿದೆ ಎಂದು ಅವಳು ಸಂಭ್ರಮದಿಂದ ತಟ್ಟೆ ತೆಗೆದು, ಬಾಯಿ ಒರೆಸಿ, ಗಂಡನನ್ನು ಕೂಗಿದಳು; ಇಬ್ಬರೂ ಸೇರಿ ಅಂಗಿ ಹಾಕಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಲಿಫ್ಟಿನಲ್ಲಿ ಇಳಿಸಿದರು. ಸಂಜೆ ನಾನು ಗೇಟಿನೊಳಗೆ ಬರುತ್ತಿದ್ದಾಗ ಕಾಕಾ ಪಾರ್ಕಿಂಗಿನಲ್ಲಿ, ಎರಡು ಸ್ಕೂಟರುಗಳ ನಡುವೆ, ಎದೆಯ ಮೇಲೆ ಒಂದು ಒಗ್ಗರಣೆಯ ಕಾಳಿನೊಂದಿಗೆ ಕೂತಿದ್ದರು.

“ಉಪ್ಪಿಟ್ಟ ಚಲೋ ಇತ್ರಿ,” ಎಂದು ಅವರು ನನಗೆ ಮೆಲ್ಲಗೆ ದೂರಿಕೊಂಡರು. “ಕಸಗೊಂಡ್ರು.” ತಟ್ಟೆ ಕಿತ್ತುಕೊಂಡರೆಂದು.

ಇದನ್ನು ಅನುವಾದಿಸಿದಾಗ ಸೊಸೆ ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು. ಒಳ್ಳೆಯ ಹುಡುಗಿ.

ಆದರೆ ಇದಕ್ಕಿಂತ ದೊಡ್ಡ ಪೇಚು ಬೇರೆಯಿತ್ತು. ಕಾಕಾ ಮರಳಿ ಹೋದದ್ದು ಭಾಷೆಗೆ ಮಾತ್ರವಲ್ಲ. ಆ ಭಾಷೆಯನ್ನು ಅವರು ಹತ್ತನೆಯ ವರ್ಷದಲ್ಲಿ ನಿಲ್ಲಿಸಿದ್ದರು; ಈಗ ಹೋಗಿ ಇಳಿದದ್ದೂ ಅದೇ ಸ್ಟೇಷನ್ನಿನಲ್ಲಿ. “ನಮ್ಮವ್ವ ಬಂದಳೇನ್ರಿ?” ಎಂದು ನನ್ನನ್ನು ಕೇಳುತ್ತಿದ್ದರು. “ಕಡಿ ಒಡಿಯಾಕ ಹೋಗ್ಯಾಳ್ರಿ. ಹೊತ್ತ ಮುಳಗೂದ್ರಾಗ ಬರ್ತಾಳ.” ಆ ಹತ್ತರ ಹುಡುಗನಿಗೆ ಹೆಂಡತಿ ಇರಲಿಲ್ಲ, ಬೊರಿವಲಿ ಇರಲಿಲ್ಲ, ಮಗ ಇರಲಿಲ್ಲ. ಎದುರಿಗೆ ಬಂದು ಕೂರುವ ನಲವತ್ತು ದಾಟಿದ ಗಂಡಸನ್ನು ಅವರು ದೊಡ್ಡವರೆಂದು ಗೌರವದಿಂದ ಕಾಣುತ್ತಿದ್ದರು. ‘ರೀ’ ಹಚ್ಚಿ ಮಾತಾಡುತ್ತಿದ್ದರು. ಅವನು ಅನ್ನ ತಿನ್ನಿಸಿದರೆ, ಪರರ ಮನೆಯಲ್ಲಿ ಉಂಡ ಬಡವರ ಹುಡುಗ ಮಾಡುವಂತೆ, ಎಡಗೈ ಎತ್ತಿ ಹಣೆಗೆ ಮುಟ್ಟಿಸುತ್ತಿದ್ದರು.

ಮಗ ನನ್ನ ಮನೆಗೆ ಬಂದು ಕೂತ. ಚಹಾ ಆರಿತು.

“ಅಂಕಲ್, ನನ್ನ ಹೆಸರು ನೆನಪಾಗೋದು ಬೇಡ. ಒಂದು ಸಲ ‘ಬಾಳ’ ಅನ್ನಲಿ. ಒಂದೇ ಸಲ. ಅದಾದ ಮೇಲೆ ಏನಾದರೂ ಆಗಲಿ.” ಆಮೇಲೆ, “ನನಗೆ ಅವರ ಭಾಷೆ ಕಲಿಸಿ,” ಎಂದ.

ಅಪ್ಪ ನನಗೆ ಕಲಿಸಿದ್ದಕ್ಕೆ ಪ್ರತಿಯಾಗಿ ಮಗನಿಗೆ ಕಲಿಸುವ ಯೋಗ ಬಂತು. ಋಣ ತೀರಿಸಲು ಇಷ್ಟು ಕೆಟ್ಟ ದಾರಿ ಇರಬಹುದೆಂದು ನಾನು ಎಣಿಸಿರಲಿಲ್ಲ. ನೀರ, ಅನ್ನ, ಬ್ಯಾಡ, ಚಲೋ. ನಾನು ಕಲಿಸಿದ್ದೂ ಎರವಲು ಉಚ್ಚಾರವೇ. ಅವನು ಆಫೀಸಿಗೆ ಹೋಗುವಾಗ ಲೋಕಲಿನಲ್ಲಿ ಬಾಯಿಪಾಠ ಮಾಡುತ್ತಿದ್ದನಂತೆ. ಪಕ್ಕದವನು ಮಂತ್ರವೆಂದುಕೊಂಡು ಸೀಟು ಬಿಟ್ಟುಕೊಟ್ಟನಂತೆ. ಅಪ್ಪನ ಮುಂದೆ ಮಾತ್ರ ಬಾಯಿ ಬರುತ್ತಿರಲಿಲ್ಲ. ಹತ್ತಿರ ಹೋಗಿ ನಿಂತು, ತುಟಿ ಆಡಿಸಿ, ಮರಾಠಿಯಲ್ಲಿ ಏನಾದರೂ ಹೇಳಿ ಹಿಂದೆ ಬರುತ್ತಿದ್ದ.

ಈ ನಡುವೆ ಬಿಲ್ಡಿಂಗಿಗೆ ಸುದ್ದಿ ಮುಟ್ಟಿತ್ತು. ಸಂಜೆ ಕಿಟಕಿಯಿಂದ ಕೇಳಿಬರುವ “ಅವ್ವಾ” ಎಂಬ ಕೂಗಿಗೆ ಕೆಳಗೆ ಕ್ರಿಕೆಟ್ ಆಡುವ ಹುಡುಗರು “ಅವ್ವಾ” ಎಂದೇ ಉತ್ತರ ಕೊಡುತ್ತಿದ್ದರು. ಕಲ್ಲೆಸೆಯಲಿಲ್ಲ, ಕಾಲ ಸುಧಾರಿಸಿದೆ. ಅವರಿಟ್ಟ ಹೆಸರು ‘ಕಾನಡೀ ಆಜೋಬಾ’, ಕನ್ನಡದ ಅಜ್ಜ. ಒಂದೇ ವಾರದಲ್ಲಿ ಅದು ಖಾಯಮ್ಮಾಯಿತು. ಕಾಕಾ ಎಂಬ ಬಿರುದು ಸಿಗಲು ಎಷ್ಟು ವರ್ಷ ಹಿಡಿದಿತ್ತೋ ನಾನು ಬಲ್ಲೆ. ಸೆಕ್ರೆಟರಿ ಮಹಾಶಯರು ರೋಗಿಯನ್ನು ನೋಡಲು ಹಣ್ಣು ತಂದರು. ಮಂಚದ ಪಕ್ಕ ಕೂತು ಕಾಲು ಗಂಟೆ ಕನ್ನಡ ಕೇಳಿದರು. ಮೆಟ್ಟಿಲಿಳಿಯುವಾಗ ನನ್ನ ಭುಜದ ಮೇಲೆ ಕೈಯಿಟ್ಟು, “ಶೇವಟೀ ಕಾನಡೀಚ್ ನಿಘಾಲೇ,” ಎಂದರು. ಕೊನೆಗೂ ಕನ್ನಡದವರೇ ಎಂದು ಸಿದ್ಧವಾಯಿತಲ್ಲ. ಅವರ ದನಿಯಲ್ಲಿ ದ್ವೇಷವಿರಲಿಲ್ಲ. ಬಹುಕಾಲ ಬಾಕಿಯಿದ್ದ ಮೊಕದ್ದಮೆಯಲ್ಲಿ ಆರೋಪಿ ತಾನಾಗಿಯೇ ತಪ್ಪೊಪ್ಪಿಕೊಂಡಾಗ ನ್ಯಾಯಾಧೀಶರಿಗಾಗುವ ಹಗುರ ಅದು.

ಕಾಕಾ ತೀರಿಕೊಂಡದ್ದು ಚಳಿ ಇನ್ನೂ ಪೂರ್ತಿ ಹೋಗದ ಒಂದು ಬೆಳಿಗ್ಗೆ. ಸೆಕ್ರೆಟರಿ ಗೇಟಿನ ಕರಿಹಲಗೆಯಲ್ಲಿ ನಿಧನವಾರ್ತೆಯನ್ನು ಚೆಂದದ ಅಕ್ಷರದಲ್ಲಿ, ‘ಕರ್’ ಸಮೇತ ಬರೆದರು. ಆ ಮಟ್ಟಿಗೆ ಉದಾರಿಗಳು. ಹುಡುಗರು ಓದಿ, ಇದು ಯಾರು ಎಂದು ಕೇಳಿದರು. ನಾನು ನಮ್ಮ ಸಂಘಕ್ಕೆ ಫೋನು ಮಾಡಿ, ಭಾನುವಾರದ ಸಭೆಯಲ್ಲಿ ಒಬ್ಬ ಕನ್ನಡಿಗರಿಗೆ ಶ್ರದ್ಧಾಂಜಲಿ ಹೇಳಬಹುದೇ ಎಂದೆ. ಹೆಸರು ಕೇಳಿದರು. ಹೇಳಿದೆ. “ಅದು ಮರಾಠಿಯವರ ಹೆಸರಲ್ವಾ ಮಾರಾಯ್ರೆ? ನಮ್ಮ ಮೆಂಬರಾ?” ಎಂದರು. ಅಲ್ಲ ಎಂದೆ. “ಮತ್ತೆ?” ಎಂದರು. ನಾನು ಫೋನು ಇಟ್ಟೆ.

ಕಾಕಾ ತೀರಿಕೊಳ್ಳುವ ಹಿಂದಿನ ದಿನದ ಸಂಗತಿಯೊಂದು ಉಳಿಯಿತು. ಸಂಜೆ. ಕಾಕಾರಿಗೆ ಗುಟುಕು ಇಳಿಯುವುದೂ ಕಷ್ಟವಾಗಿತ್ತು. ಬಿಸಿಲು ಕಿಟಕಿಯಿಂದ ಬಂದು ಕಿವಿಯ ಹಾಲೆಯಲ್ಲಿ ಕೆಂಪು ದೀಪ ಹೊತ್ತಿಸಿತ್ತು. ಸೊಸೆ ಬಾಗಿಲ ಹತ್ತಿರ, ನಾನು ಕಾಲ ಬಳಿ. ಮಗ ತಂಬಿಗೆಯಿಂದ ಒಂದು ಚಮಚ ತೆಗೆದು, ಬಗ್ಗಿ, ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಅಪ್ಪನ ಭಾಷೆಯಲ್ಲಿ ಅಪ್ಪನಿಗೆ ಹೇಳಿದ:

“ಬಾಬಾ, ನೀರ.”

ಕಾಕಾ ಕಣ್ಣು ತೆಗೆದರು. ಚಮಚವನ್ನು ನೋಡಲಿಲ್ಲ, ಅವನನ್ನು ನೋಡಿದರು. ಎಳೆದ ಮುಖದಲ್ಲಿ ಅರ್ಧಕ್ಕೆ ಮಾತ್ರ ಬರುವ ನಗೆ ಬಂತು. ಗುರುತಿಲ್ಲದ ಊರಿನ ಸಂತೆಯಲ್ಲಿ ತಮ್ಮ ಕಡೆಯ ಮಾತು ಕಿವಿಗೆ ಬಿದ್ದವರ ನಗೆ ಅದು.

“ಯಾವೂರ್ರಿ ನಿಮ್ದು?” ಎಂದರು.

ಮಗ ತಟ್ಟನೆ ನನ್ನತ್ತ ತಿರುಗಿದ. “ಏನಂತಾರೆ? ಅಂಕಲ್, ಬಾಬಾ ಏನಂತಾರೆ?”

“ನಿನ್ನ ಊರು ಯಾವುದು ಅಂತ ಕೇಳ್ತಿದ್ದಾರೆ,” ಎಂದೆ.

ಅವನು ಅಪ್ಪನ ಎಡಗೈ ಹಿಡಿದು, “ಬೊರಿವಲಿ,” ಎಂದ.

“ಬೊರಿವಲಿ,” ಎಂದು ಕಾಕಾ ಆ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದರು. ಎಲ್ಲೋ ಕೇಳಿದಂತಿತ್ತು, ಎಲ್ಲೆಂದು ಹೊಳೆಯಲಿಲ್ಲ. ಪಾಪ ಎನ್ನಿಸಿರಬೇಕು. ಅವನ ಕೈಯನ್ನು ಮೆಲ್ಲಗೆ ತಟ್ಟಿ, ಸಡಿಲಾದ ನಾಲಿಗೆಯಲ್ಲಿ ಹೇಳಿದರು:

“ಬಾಳ… ದೂರ ಬಂದೀರಿ.”

ಅದೇ ಅವರ ಕೊನೆಯ ಮಾತು. ಚಮಚದ ನೀರು ಹಾಸಿಗೆಯ ಮೇಲೆ ಚೆಲ್ಲಿತು. ಮಗ ಎದ್ದು ಬಂದು ನನ್ನ ಎರಡೂ ತೋಳುಗಳನ್ನು ಹಿಡಿದುಕೊಂಡ.

“ಬಾಳ ಮ್ಹಣಾಲೇ! ಅಂಕಲ್, ಕೇಳಿದಿರಲ್ಲ? ಮಲಾ ಬಾಳ ಮ್ಹಣಾಲೇ ನಾ?” ನನ್ನನ್ನು ಬಾಳ ಅಂದರಲ್ಲವೇ?

ದುಭಾಷಿಯ ಮುಖವನ್ನು ಸೊಸೆಯೂ ನೋಡುತ್ತಿದ್ದಳು. ಕನ್ನಡ ಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

“ಹೋ,” ಎಂದೆ.